ಕಲ್ಲಿನ ಊರಿನಲ್ಲಿ ಕಾಟಮ್ಮನ ಮಂಡಕ್ಕಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕಾಟಮ್ಮ ಬಾಣಲೆಯ ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ. ಎರಡು ಸಲ ಕೈಯಾಡಿಸುವಷ್ಟರಲ್ಲಿ ಅದು ಅರಳಿ ಬಾಣಲೆ ತುಂಬುತ್ತದೆ. ಜರಡಿಯಲ್ಲಿ ಮರಳು ಉದುರಿಸಿ, ಮತ್ತೆ ಅಕ್ಕಿ. ಮಿರ್ಚಿ-ಮಂಡಕ್ಕಿ ಎಂದರೆ ಪ್ರಾಣ ಬಿಡುವ ನಮ್ಮೂರಿನವರಲ್ಲಿ ಇದನ್ನು ನಿಂತು ನೋಡಿದವರೆಷ್ಟು ಮಂದಿ? ಹೊಗೆ ಎಂದು ಮೂಗು ಮುಚ್ಚಿಕೊಂಡು ದಾಟುವವರೇ ಎಲ್ಲ.

ಕುಕ್ಕುವಾಡದ ಕಾಟಮ್ಮ ಮದುವೆಯಾಗಿ ಬಂದ ವರ್ಷವೇ ಭಟ್ಟಿ ಸೇರಿದವರು. ಗಂಡ ಹುಲಿಯಪ್ಪ ಹಾಸಿಗೆ ಹಿಡಿದಾಗಲೂ ಮನೆ ನಡೆಸಿದ್ದು ಇದೇ ಬಾಣಲೆ. ಇಂಥವರು ಕಳೆದ ಡಿಸೆಂಬರಿನಲ್ಲಿ ಜರ್ಮನಿಗೆ ಹೋಗಿಬಂದರು ಎಂದರೆ ಭಟ್ಟಿಯಲ್ಲೇ ಅರ್ಧ ಮಂದಿ ನಂಬುವುದಿಲ್ಲ. ಕರೆದೊಯ್ದವರು ಕೆ.ಬಿ. ಬಡಾವಣೆಯ ಸಂಸ್ಥೆಯೊಂದರ ಸುಷ್ಮಾ. ಹೋದದ್ದು ರಾಜರ ಕಾಲದ ಪುಟ್ಟ ಕೋಟೆಯೂರಿಗೆ. ಅಲ್ಲಿ ಒಂದೇ ದಿನದ ಚಳಿಗಾಲದ ಸಂತೆ, ದೇಶದೇಶದ ತಿನಿಸನ್ನು ಜನರೆದುರೇ ಮಾಡಿ ತೋರಿಸಬೇಕು. ತನ್ನ ಕೆಲಸವನ್ನು ಒಮ್ಮೆಯಾದರೂ ನಾಲ್ಕು ಜನ ನಿಂತು ನೋಡಲಿ ಎಂಬ ಆಸೆಗೇ ಕಾಟಮ್ಮ ವಿಮಾನ ಹತ್ತಿದ್ದರು.

ಅಲ್ಲಿಳಿದರೆ ತಲೆಬುಡ ತಿಳಿಯಲಿಲ್ಲ. ಹಿಮ ಬಿದ್ದ ಕಲ್ಲಿನ ಓಣಿಗಳು, ಹಾಡಹಗಲೇ ಮುಚ್ಚಿದ ಬಾಗಿಲುಗಳು, ಕಿಟಕಿಗಳಲ್ಲಿ ದೀಪ. ಚರ್ಚಿನ ಗಂಟೆ ಬಿಟ್ಟುಬಿಟ್ಟು ಹೊಡೆಯುತ್ತಿತ್ತು. ಜನರೆಲ್ಲ ಕಪ್ಪು ಬಟ್ಟೆ ತೊಟ್ಟು ಪಿಸುಗುಡುತ್ತಿದ್ದರು. ಸುಷ್ಮಾ ಇವರನ್ನು ಒಲೆಯ ಮುಂದೆ ಕೂರಿಸಿ, ಜ್ವರ ಬಂದಿದೆ ಎಂದು ರೂಮಿಗೆ ಹೋಗಿಬಿಟ್ಟರು. ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದು ಕಾಟಮ್ಮ ತೀರ್ಮಾನಿಸಿದರು.

“ಊರಾಗ ಹೆಣ ಇಟ್ಕಂಡು ಒಲೆ ಹೆಂಗೆ ಹಚ್ಚೋದು, ನೀವೇ ಹೇಳ್ರಿ?” ಎಂದು ಈಗ ಭಟ್ಟಿಯಲ್ಲಿ ಕಾಟಮ್ಮ ನನ್ನನ್ನೇ ಕೇಳುತ್ತಾರೆ.

ಸಂತೆಯವರೊಬ್ಬರು ಬೆಂಕಿಪೊಟ್ಟಣ ತಂದುಕೊಟ್ಟರು. ಇವರು ಕೈಮುಗಿದು ವಾಪಸ್ ಕೊಟ್ಟರು. ಜನ ಬಂದು ಸುತ್ತ ನಿಂತರು. ಒಲೆ ಹಚ್ಚಲಿ ಎಂದು ಅವರು ಕಾದರು, ಹೆಣ ಎತ್ತಲಿ ಎಂದು ಇವರು ಕಾದರು. ಅವರು ಸುಮ್ಮನೆ ನಿಂತಷ್ಟೂ ಇವರಿಗೆ ಸಾವು ಖಾತ್ರಿಯಾಗುತ್ತ ಹೋಯಿತು. ಪಕ್ಕದ ಮಳಿಗೆಯಲ್ಲಿ ಸಾರು ಕುದಿಯುತ್ತಿತ್ತು ಎಂದು ನೀವೇ ಹೇಳಿದಿರಲ್ಲ ಎಂದು ನಾನು ಕೇಳಿದೆ. ಆ ಮಳಿಗೆಯವರು ಪರಸ್ಥಳದವರು, ಅವರಿಗೇನು ಗೊತ್ತು ಎಂದು ನನಗೇ ಗದರಿದರು. ಕೊನೆಗೆ ಚಳಿ ತಡೆಯಲಾರದೆ ಜನ ಒಬ್ಬೊಬ್ಬರೇ ಕರಗಿದರು. ತಾನು ಅಷ್ಟು ದೂರ ಬಂದ ದಿನವೇ ಆ ಪುಣ್ಯಾತ್ಮ ಸಾಯಬೇಕೇ ಎಂದು ಕಾಟಮ್ಮನಿಗೆ ಅಳು ಬಂದುಬಿಟ್ಟಿತಂತೆ.

ಸಂಜೆಯಾಗುವ ಮೊದಲೇ ಕತ್ತಲು ಕವಿಯತೊಡಗಿತು. ಆಗ ಸಂತೆಯವರು ಕರೆಕಳಿಸಿ ಸುಷ್ಮಾ ಓಡಿಬಂದರು. ಯಾರೂ ಸತ್ತಿಲ್ಲ, ಇದು ಇಲ್ಲಿನವರ ಕ್ರಿಸ್‌ಮಸ್ ಹಬ್ಬದ ಕಾಲ ಎಂದರು. ಹಬ್ಬಕ್ಕೆ ಯಾರಾದರೂ ಕಪ್ಪು ಬಟ್ಟೆ ಹಾಕುತ್ತಾರೆಯೇ? ಕಾಟಮ್ಮನಿಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ. ಆದರೂ ಕಡ್ಡಿ ಗೀರಿದರು. ಉಳಿದಿದ್ದ ಕೆಲವರು ಹತ್ತಿರ ಬಂದರು. ಮರಳು ಕಾಯಿತು, ಅಕ್ಕಿ ಬಿತ್ತು, ಬಾಣಲೆ ತುಂಬ ಬೆಳ್ಳಗೆ ಅರಳಿತು. ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

“ಚಪ್ಪಾಳೆ ಯಾಕ ಹೊಡದ್ರೋ ನಂಗಾಗ ತಿಳೀಲಿಲ್ಲ,” ಎನ್ನುತ್ತ ಕಾಟಮ್ಮ ಜರಡಿ ಕೆಳಗಿಡುತ್ತಾರೆ. “ಒಬ್ರೂ ಇನ್ನೂ ಬಾಯಿಗೆ ಹಾಕ್ಕಂಡಿದ್ದಿಲ್ಲ. ಅಂದ್ರ ಅದು ಮಂಡಕ್ಕಿಗಲ್ರಿ, ನನ್ನ ಕೈಗೇ ಹೊಡದಿದ್ದು.”