ಮೊಹರು ಒಡೆಯದ ಚೀಲ

ನಿಜಾಮರ ಆಳ್ವಿಕೆಯ ಕಾಲ. ನಾನಾಗ ಕಲಬುರಗಿಯಲ್ಲಿ ಟಪಾಲು ಇನ್ಸ್‌ಪೆಕ್ಟರ್. ರೈಲಿನಲ್ಲಿ ಬಂದ ಟಪಾಲು ಟಾಂಗಾದಲ್ಲಿ ಕಮಲಾಪುರಕ್ಕೆ ಹೋಗಿ, ಅಲ್ಲಿ ಬೇರೆ ಟಾಂಗಾ ಏರಿ ಹುಮನಾಬಾದಿಗೆ ಸಾಗುತ್ತಿತ್ತು. ಕಮಲಾಪುರದಲ್ಲಿ ಆ ಬದಲಾವಣೆಯ ಗುತ್ತಿಗೆ ಒಬ್ಬ ಖಾಸಗಿ ಗುತ್ತಿಗೆದಾರನದು. ಕುದುರೆ, ಕೊಟ್ಟಿಗೆ, ಲೆಕ್ಕ ಬರೆಯುವ ಮುನ್ಷಿ ಎಲ್ಲ ಅವನವೇ.

ಆ ವರ್ಷ ಹತ್ತಿಯ ಸುಗ್ಗಿಯಲ್ಲಿ ಹುಮನಾಬಾದಿನ ವ್ಯಾಪಾರಿಗಳು ದೂರು ಕೊಟ್ಟರು. ಮುಂಬಯಿ ದರ ತಿಳಿಸುವ ಅವರ ಪತ್ರಗಳನ್ನು ಯಾರೋ ಬಿಚ್ಚಿ ಓದಿ ಮತ್ತೆ ಅಂಟಿಸುತ್ತಿದ್ದರು. ಆದರೆ ಚೀಲದ ಬಾಯಿಗೆ ನನ್ನೆದುರೇ ಒತ್ತಿದ ಅರಗಿನ ಮೊಹರು ಒಮ್ಮೆಯೂ ಒಡೆದಿರಲಿಲ್ಲ. ಚೀಲದ ಕಾವಲಿಗೆ ಹೋಗುತ್ತಿದ್ದವನು ಗೌಸ್ ಮಿಯಾ, ಇಪ್ಪತ್ತು ವರ್ಷ ಸೇವೆ ಮಾಡಿದ ನೌಕರ. ಮೇಲಿನವರು ತಪ್ಪಿತಸ್ಥನ ಹೆಸರು ಕೇಳಿ ಅವಸರಪಡಿಸಿದರು. ಇವನ ಬಳಿ ಕಳ್ಳ ಮೊಹರಿರಬೇಕೆಂದು ಊಹಿಸಿ ವರದಿ ಬರೆದೆ. ಅವನನ್ನು ಕೆಲಸದಿಂದ ನಿಲ್ಲಿಸಿದರು.

“ಕಳ್ಳ ಮೊಹರು ನನ್ನ ಕಡೆ ಸಿಕ್ಕಿಲ್ಲ. ಮತ್ತ ನಾ ಕಾಗದ ಹ್ಯಾಂಗ ತಗದೆ, ಹೇಳ್ರಿ ಸಾಹೇಬ್ರ,” ಎಂದ. ನಾನು ಕಡತ ಮುಚ್ಚಿ ಅವನನ್ನು ಕಳುಹಿಸಿದೆ.

ಹೊಸ ಕಾವಲಿನವನು ಬಂದ ಮೇಲೂ ದೂರು ಬಂತು. ಕಚೇರಿಯಲ್ಲಿ ಕುಳಿತರೂ ಚೀಲಗಳನ್ನೇ ತಿರುವುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ, ಯಾರಿಗೂ ಹೇಳದೆ, ಚೀಲದ ತಳದ ಹೊಲಿಗೆಗೆ ಅಡ್ಡವಾಗಿ ಶಾಯಿಯಿಂದ ಸಣ್ಣ ಗೆರೆಗಳನ್ನು ಎಳೆದೆ. ಬಳಿಕ ಕುದುರೆ ಏರಿ, ಬಳಸುದಾರಿಯಿಂದ ಕಮಲಾಪುರ ದಾಟಿ ರಸ್ತೆಯಲ್ಲಿ ಕಾದೆ. ಗೆರೆಗಳು ಸರಿಯಿದ್ದರೆ ಗೌಸನಿಗೆ ಏನು ಹೇಳಲಿ?

ಟಾಂಗಾ ಬಂತು. ತಡೆದು ಚೀಲ ಮಗುಚಿದೆ. ಮೊಹರು ಭದ್ರ. ತಳದ ಗೆರೆಗಳು ಮಾತ್ರ ಒಂದಕ್ಕೊಂದು ಕೂಡುತ್ತಿರಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ಹಾಕಲಾಗಿತ್ತು.

ಕೊಟ್ಟಿಗೆಗೆ ಮರಳಿದೆ. ಮುನ್ಷಿಯ ಪೆಟ್ಟಿಗೆಯಲ್ಲಿ ದಬ್ಬಳ, ಮೇಣದ ದಾರ, ಅಂದಿನ ದರ ಬರೆದ ಚೀಟಿ. ಟಾಂಗಾ ಬದಲಿಸುವ ಅರ್ಧ ಗಂಟೆ, ಕಾವಲಿನವನು ಊಟಕ್ಕೆ ಹೋದಾಗ, ಅವನಿಗೆ ಸಾಕಾಗುತ್ತಿತ್ತು. ದರ ವ್ಯಾಪಾರಿಗಳಿಗಿಂತ ಮೊದಲೇ ಸ್ಥಳೀಯ ಹತ್ತಿ ದಲಾಲನಿಗೆ ಹೋಗುತ್ತಿತ್ತು.

“ಒಂದ ಕಾಗದಾನೂ ಕದ್ದಿಲ್ರಿ. ಬರೇ ಓದೀನಿ,” ಎಂದ ಮುನ್ಷಿ.

ಅವನ ಮೇಲೆ ಮೊಕದ್ದಮೆಯಾಯಿತು, ಗುತ್ತಿಗೆ ರದ್ದಾಯಿತು. ಮರುನೇಮಕದ ಹುಕುಂ ಹಿಡಿದು ನಾನೇ ಗೌಸ್ ಮಿಯಾನ ಮನೆಗೆ ಹೋದೆ. ಅವನು ಕೈಚಾಚಲಿಲ್ಲ.

“ಇಲ್ಲಿ ಬ್ಯಾಡ್ರಿ. ಕಚೇರ್ಯಾಗ ಎಲ್ಲಾರ ಮುಂದ ಓದ್ರಿ.”

ಮರುದಿನ ಓದಿದೆ. ತಪ್ಪು ವರದಿ ಬರೆದವನ ಹೆಸರು ಬಂದಲ್ಲಿ ನನ್ನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಆಪಾದಿತನ ಪ್ರಶ್ನೆಗೆ ಉತ್ತರ ಸಿಗದೆ ಯಾರ ಹೆಸರನ್ನೂ ಬರೆಯಬಾರದೆಂದು ಕಲಿತದ್ದು ಆಗ. ನಿವೃತ್ತಿಯವರೆಗೆ ಹಾಗೆ ಬರೆಯಲೂ ಇಲ್ಲ.