ಹಗೇವಿನ ಮೇಲಿನ ಮನೆ

ಸಂಶಿ ಊರಾಚೆಯ ಆ ಲೇಔಟಿನ ಕೆಲಸ ನಮ್ಮ ಕಚೇರಿಗೆ ಬಂದಾಗ ಮುಂದಿನ ಸಾಲಿನ ಮನೆಗಳು ಆಗಲೇ ಎದ್ದು ನಿಂತಿದ್ದವು. ಹಿಂದಿನ ಸಾಲಿನ ಅಡಿಪಾಯದ ವಿನ್ಯಾಸ ಮಾತ್ರ ನಮ್ಮದು. ನಾನು ಹುಬ್ಬಳ್ಳಿಯಲ್ಲಿ ಕೂತು ಲೆಕ್ಕ ಮಾಡುವವಳು. ಆದರೂ ಕುಂದಗೋಳ ತಾಲೂಕಿನಲ್ಲೇ ಹುಟ್ಟಿ ಬೆಳೆದ ಕಾರಣ, ಈ ಕಡೆಯ ಸೈಟುಗಳಿಗೆ ನನ್ನನ್ನೇ ಕಳಿಸುತ್ತಿದ್ದರು. ನಮ್ಮದು ಎರೆ ಭೂಮಿ, ಕಪ್ಪು ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹತ್ತಿಗೆ, ಕಡಲೆಗೆ ಇಂಥ ಮಣ್ಣು ಇನ್ನೊಂದಿಲ್ಲ. ಮನೆಗೆ ಮಾತ್ರ ಇದರಷ್ಟು ಕೆಟ್ಟದ್ದೂ ಇಲ್ಲ.

ಲೇಔಟಿನ ಮಾಲೀಕರು ಮೆಣಸಿನಕಾಯಿ ವ್ಯಾಪಾರದಿಂದ ಮನೆ ಕಟ್ಟುವ ಧಂದೆಗೆ ಬಂದವರು. ಮಾತು ಕಡಿಮೆ. ಅವರ ಬಳಿ ಕಂಬಿ ಕಟ್ಟುವವನೊಬ್ಬನಿದ್ದ. ಮೂವತ್ತರ ಆಸುಪಾಸಿನವನು, ಕಲಘಟಗಿ ಕಡೆಯ ತಂಬೂರಿನವನು. ಹೆಂಡತಿ, ಸಣ್ಣ ಮಗಳು ಮತ್ತು ತಾಯಿಯನ್ನು ಕಟ್ಟಿಕೊಂಡು ಸಂಶಿಯ ಹಳೇ ಊರಿನ ಒಂದು ಬಾಡಿಗೆ ಖೋಲಿಯಲ್ಲಿದ್ದ. ನನ್ನ ನಕ್ಷೆಗಳನ್ನು ನೋಡಿದಾಗಲೆಲ್ಲ ನಗುತ್ತಿದ್ದ.

"ಮೇಡಂರ, ಇದೇನ್ರಿ ಇಷ್ಟ ಕಂಬಿ? ಸಕ್ರಿಗೆ ಇರುವಿ ಮುತ್ತಿದಂಗ ಮಾಡೀರಲ್ಲ."

"ಎರಿ ಭೂಮಿಪ್ಪಾ ಇದು. ನಿಮ್ಮೂರಿನ ಮಣ್ಣಲ್ಲ," ಅನ್ನುತ್ತಿದ್ದೆ ನಾನು.

"ಖರೆ ಬಿಡ್ರಿ. ನಮ್ಮೂರ ಮಣ್ಣ ಹಿಂಗ ಮೋಸ ಮಾಡಂಗಿಲ್ಲ," ಎಂದು ಮತ್ತೆ ಕಂಬಿಗೆ ತಂತಿ ಬಿಗಿಯಲು ಕೂರುತ್ತಿದ್ದ.

ಪ್ರಾಣಿಗಳೆಂದರೆ ಅವನಿಗೆ ಜೀವ. ಸೈಟಿನ ಬಾಜೂಕಿನ ಬೀಳು ಜಾಗದಲ್ಲಿ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಮಧ್ಯಾಹ್ನದ ಬುತ್ತಿಯಲ್ಲಿ ಉಳಿದ ರೊಟ್ಟಿಯನ್ನು ಅವನು ಅವುಗಳಿಗೇ ಮುರಿದು ಹಾಕುತ್ತಿದ್ದ. ಅವನ ದನಿ ಕೇಳಿದರೆ ಸಾಕು, ಮರಿಗಳು ಓಡಿ ಬಂದು ಕಾಲಿಗೆ ತೊಡರುತ್ತಿದ್ದವು.

ಹಿಂದಿನ ಸಾಲಿನ ಕೊನೆಯ ಪ್ಲಾಟಿನಲ್ಲಿ ಪಾಯ ತೆಗೆಯುವ ದಿನ ನಾನೂ ಅಲ್ಲಿದ್ದೆ. ಜೆಸಿಬಿಯ ಹಲ್ಲಿಗೆ ಒಂದು ಅಗಲವಾದ ಪರಸಿಗಲ್ಲಿನ ಚಪ್ಪಡಿ ಸಿಕ್ಕಿತು. ಅದು ಜರುಗಿದ ಕೂಡಲೆ ಕೆಳಗೆ ಕತ್ತಲು ಕಂಡಿತು, ಹುಳಿಯಾದ ಹಳೇ ಜೋಳದ ವಾಸನೆ ಮೇಲೆ ಬಂತು. ನೋಡಿದ ತಕ್ಷಣ ನನಗೆ ಗೊತ್ತಾಯಿತು, ಅದು ಹಗೇವು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗೆ ತುಂಬಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ನೀರಿನ ಕೊಡದ ಹಾಗೆ ಅಗಲ. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣೆಳೆದುಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಹಗೇವು ತೆಗೆದ ದಿನ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ ಎಂದು ನಮ್ಮೂರುಗಳಲ್ಲಿ ಸಣ್ಣ ಮಕ್ಕಳಿಗೂ ಹೇಳಿರುತ್ತಾರೆ. ನಮ್ಮ ಅಜ್ಜಿಯ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೆನೋ.

ಕೆಲಸ ನಿಲ್ಲಿಸಿದೆ. ಯಾರೂ ಹತ್ತಿರ ಹೋಗಬೇಡಿ, ಒಳಗೆ ವಿಷದ ಗಾಳಿ ಇದೆ ಎಂದು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದೆ. ಬಾಯಿಯ ಮೇಲೆ ತಗಡು ಹಾಕಿಸಿ, ಸುತ್ತ ಕಲ್ಲಿಡಿಸಿದೆ. ಇಂಥವು ಒಂದೇ ಇರುವುದಿಲ್ಲ, ಗುಂಪಾಗಿಯೇ ಇರುತ್ತವೆ. ಇಡೀ ಸಾಲನ್ನು ಪರೀಕ್ಷೆ ಮಾಡಬೇಕಾಗುತ್ತದೆ ಎಂದು ಮಾಲೀಕರಿಗೆ ತಿಳಿಸಬೇಕಿತ್ತು. ಅಲ್ಲಿ ಫೋನು ಸರಿಯಾಗಿ ಹತ್ತುತ್ತಿರಲಿಲ್ಲ. ಡಾಂಬರು ರಸ್ತೆಯ ತನಕ ನಡೆದು ಹೋದೆ.

ಮಾತು ಮುಗಿಯುವ ಮೊದಲೇ ಆಡಿನ ಹೆಂಗಸು ಕೂಗುವುದು ಕೇಳಿಸಿತು. ಓಡಿ ಬಂದೆ. ತಗಡು ವಾರೆಯಾಗಿ ಬಿದ್ದಿತ್ತು. ಕೂಲಿಯವರೆಲ್ಲ ಬಾಯಿಯ ಸುತ್ತ ನಿಂತಿದ್ದರು. ಅವರಲ್ಲೊಬ್ಬ ನೆಲದ ಮೇಲೆ ಕೂತು ಬಾಯಿ ತೆರೆದು ಉಸಿರೆಳೆಯುತ್ತಿದ್ದ, ಸೊಂಟಕ್ಕೆ ಕಟ್ಟಿದ ಹಗ್ಗ ಇನ್ನೂ ಹಾಗೇ ಇತ್ತು.

"ಆ ಕಂಬಿ ಕಟ್ಟಾಂವ ಇಳದಾನ್ರಿ," ಅಂದಳು ಆ ಹೆಂಗಸು. "ಮರಿ ತಗಡಿನ ಮ್ಯಾಲೆ ಜಿಗದು ಒಳಗ ಬಿತ್ರಿ. ಬ್ಯಾಡೋ ಯಪ್ಪಾ ಅಂದೆ. ಏನಾಗತೈತಿ, ಈಗ ಬರ್ತೀನಿ ಅಂತ ಇಳದ. ಕರದ್ರ ಓ ಅನ್ನವಲ್ಲ."

ಅವನ ಹಿಂದೆ ಇಳಿಯಲು ಹೋದವನಿಗೆ ಅರ್ಧಕ್ಕೇ ತಲೆ ತಿರುಗಿತ್ತು, ಮೇಲಿದ್ದವರು ಎಳೆದುಕೊಂಡಿದ್ದರು. ತಂಬೂರಿನ ಕಡೆ ಭತ್ತ ಬೆಳೆಯುತ್ತಾರೆ, ಕಾಳನ್ನು ಮನೆಯೊಳಗೆ ಕಣಜದಲ್ಲಿ ಇಡುತ್ತಾರೆ. ಹಗೇವು ಎಂಬ ಮಾತನ್ನೇ ಅವನು ಆ ದಿನ ಮೊದಲ ಬಾರಿಗೆ ಕೇಳಿದ್ದನೋ ಏನೋ. ನಾನು ಹೇಳಿದ ವಿಷದ ಗಾಳಿ ಅವನಿಗೆ ಬರೀ ಹೆದರಿಕೆಯ ಮಾತಾಗಿ ಕೇಳಿಸಿರಬೇಕು.

ಊರವರು ಬಂದರು. ಬೇವಿನ ಟೊಂಗೆ ಕಡಿದು, ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ಮೇಲೆ ಕೆಳಗೆ ಜಗ್ಗಾಡಿ ಗಾಳಿ ಆಡಿಸಿದರು. ಯಾರೋ ಬೆಳೆಗೆ ಔಷಧಿ ಹೊಡೆಯುವ ಪಂಪು ತಂದು ಒಳಗೆ ಗಾಳಿ ಊದಿದರು. ಹುಬ್ಬಳ್ಳಿಯಿಂದ ಅಗ್ನಿಶಾಮಕದವರು ಬಂದು, ಮುಖಕ್ಕೆ ಮಾಸ್ಕು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ತಂದಾಗ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮರಿಯನ್ನು ಆಮೇಲೆ ತಂದರು. ಅದೂ ಸತ್ತಿತ್ತು.

ಹೆಂಡತಿ ಬಂದಳು. ಅಳಲಿಲ್ಲ. ಗಂಡನ ಕಾಲಿಗಂಟಿದ ಮಣ್ಣನ್ನು ಸೆರಗಿನಿಂದ ಒರೆಸುತ್ತ ಕೂತಳು. ಅವನ ತಾಯಿ ನನ್ನ ಮುಂದೆ ಬಂದು ನಿಂತಳು. "ಈ ಭೂಮಿ ಒಳಗ ಏನೈತಿ ಅಂತ ನೋಡೂದು ನಿಮ್ಮ ಕೆಲಸ ಅಲ್ಲೇನ್ರಿ?" ಅಂತ ಕೇಳಿದಳು. ಪೊಲೀಸರ ಮುಂದೆ ಎಲ್ಲರೂ ಒಂದೇ ಮಾತು ಹೇಳಿದರು, ಮೇಡಂ ಇಳಿಯಬೇಡಿ ಅಂದಿದ್ದರು ಅಂತ. ಅದು ಸುಳ್ಳಲ್ಲ. ಆದರೆ ಆ ಮುದುಕಿ ಕೇಳಿದ ಮಾತಿಗೆ ಅದು ಉತ್ತರವೂ ಆಗಿರಲಿಲ್ಲ.

ಆ ಪ್ಲಾಟು ಹಿಡಿದಿದ್ದವರು ಬೇಡವೆಂದು ಬಿಟ್ಟುಹೋದರು. ಬೇರೆ ಯಾರೂ ಮುಂದೆ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಮಾಲೀಕರು ನನ್ನನ್ನು ತಮ್ಮ ಮೆಣಸಿನಕಾಯಿ ಅಂಗಡಿಗೆ ಕರೆಸಿದರು.

"ಆ ಪ್ಲಾಟ್ ಕಂಬಿಯವನ ಹೇಣ್ತಿ ಹೆಸರಿಗೆ ಮಾಡಸ್ತೀನ್ರಿ. ಮನೀನೂ ಕಟ್ಟಿಸಿ ಕೊಡ್ತೀನಿ. ಪಾಯಾ ನೀವು ಗಟ್ಟಿ ಮಾಡಿ ಕೊಡ್ರಿ."

"ಅಲ್ಲೇ ಯಾಕ್ರಿ? ಆ ಜಾಗಾ ಖುಲ್ಲಾ ಬಿಟ್ಟಬಿಡ್ರಿ. ಬ್ಯಾರೆ ಕಡೆ ಕೊಡ್ರಿ."

"ಬ್ಯಾರೆ ಎಲ್ಲಾ ಹೋಗ್ಯಾವ್ರಿ. ಆಕಿನ್ನ ನೀವಽ ಕೇಳ್ರಿ. ಆಕಿ ಒಲ್ಲೆ ಅಂದ್ರ ಬಿಡೂಣು."

ಅದು ದಯೆಯೋ, ಮಾರಾಟವಾಗದ ನೆಲವನ್ನು ದಾಟಿಸುವ ದಾರಿಯೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಅವಳ ಖೋಲಿಗೆ ಹೋದೆ. ಅವಳು ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೋಗಲು ಶುರು ಮಾಡಿದ್ದಳು, ಬೆರಳುಗಳು ಕೆಂಪಗೆ ಉರಿ ಹತ್ತಿದ್ದವು. ಅತ್ತೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ವಿಷಯ ಹೇಳಿ, ಅಲ್ಲಿ ಮನೆ ಬೇಡ ಅಂತ ನನಗನಿಸುತ್ತದೆ, ಆ ಜಾಗ ಗಿಡ ಹಚ್ಚಿ ಹಾಗೇ ಬಿಡುವುದು ಒಳ್ಳೆಯದು ಎಂದೆ.

"ಗಿಡಾ ಹಚ್ಚಿದ್ರ ನನಗೇನ್ ಸಿಗತೈತ್ರಿ?" ಅಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದ ಹಾಗೆ. "ಈ ಖೋಲಿಯವರು ಬಿಡು ಅಂದ್ರ ನಾ ಮಗಳನ್ನ ಕಟಗೊಂಡು ಎಲ್ಲಿ ಹೋಗ್ಲಿ? ಕೊಡ್ತೀನಿ ಅಂದಾರ, ತಗೋತೀನಿ."

ಮೂಲೆಯಿಂದ ಅತ್ತೆಯ ದನಿ ಬಂತು. "ನನ್ನ ಮಗನ ಹೆಣದ ಮ್ಯಾಲೆ ಒಲಿ ಹೂಡ್ತೀ ಏನಬೇ?"

"ನೀ ಸುಮ್ನಿರಬೇ ಅತ್ತಿ."

"ನಾ ಬರಂಗಿಲ್ಲ. ಹೇಳಿರ್ತೀನಿ."

ಸೊಸೆ ನನ್ನ ಕಡೆ ನೋಡಿ, "ಕಟ್ರಿ ನೀವು," ಅಂದಳು.

ಕಟ್ಟಿದೆವು. ಆ ಸಾಲಿನ ಉದ್ದಕ್ಕೂ ಕಬ್ಬಿಣದ ಸಲಾಕೆ ಇಳಿಸಿ ಹುಡುಕಿದಾಗ ಇನ್ನೊಂದು ಹಗೇವು ಸಿಕ್ಕಿತು, ಕುಸಿದು ಅರ್ಧ ಮಣ್ಣು ತುಂಬಿಕೊಂಡದ್ದು. ಎರಡಕ್ಕೂ ತಳದ ತನಕ ಕಾಂಕ್ರೀಟು ತುಂಬುವುದು, ಎರೆ ಮಣ್ಣು ತೆಗೆದು ಉಬ್ಬದ ಗರಸು ಮಣ್ಣು ಹಾಕಿ ಕುಟ್ಟುವುದು, ಆಮೇಲೆ ಇಡೀ ಮನೆಯ ಅಡಿಗೆ ಒಂದೇ ದಪ್ಪನೆಯ ಕಾಂಕ್ರೀಟ್ ಹಾಸು, ಹೀಗೆ ನಿರ್ಧರಿಸಿದೆ. ನೆಲ ಎಲ್ಲಾದರೂ ಕುಗ್ಗಿದರೂ ಮನೆ ದೋಣಿಯ ಹಾಗೆ ಒಟ್ಟಿಗೇ ನಿಲ್ಲಬೇಕು, ಮುರಿಯಬಾರದು. ಆ ಕಂಬಿಗಳನ್ನು ಕಟ್ಟಲು ಬೇರೆಯವರು ಬಂದರು. ಅವರಲ್ಲಿ ಯಾರೂ ನಗಲಿಲ್ಲ, ನನ್ನ ನಕ್ಷೆಯನ್ನು ಆಡಿಕೊಳ್ಳಲೂ ಇಲ್ಲ.

ಹಗೇವಿಗೆ ಕಾಂಕ್ರೀಟು ತುಂಬುವ ಬೆಳಿಗ್ಗೆ ಅವಳು ಬಂದಳು. ಒಳಗೆ ನೋಡಬೇಕು ಅಂದಳು. ಆ ಹೊತ್ತಿಗೆ ಬಾಯಿಯನ್ನು ಅಗಲ ಮಾಡಿದ್ದೆವು, ಗಾಳಿ ಶುದ್ಧವಾಗಿತ್ತು, ಬಿಸಿಲು ತಳದ ತನಕ ಬೀಳುತ್ತಿತ್ತು. ಅವಳ ತೋಳು ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಅವಳು ಬಗ್ಗಿ ನೋಡಿದಳು. ತಳದಲ್ಲಿ ಕಪ್ಪಾದ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

"ಇಷ್ಟಽ ಏನ್ರಿ?" ಅಂದಳು.

"ಇಷ್ಟಽ."

"ನಾ ಅಗದಿ ಆಳ ಇರಬೇಕು ಅನ್ಕೊಂಡಿದ್ದೆ. ಬಾಂವಿ ಹಂಗ."

ಮಿಕ್ಸರ್ ಗಾಡಿಯ ಸದ್ದು ಶುರುವಾದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, ಕೂಲಿಗೆ ಹೊತ್ತಾಯಿತೆಂದು ಹೊರಟುಹೋದಳು.

ಗೃಹಪ್ರವೇಶಕ್ಕೆ ಹೆಚ್ಚು ಜನ ಬರಲಿಲ್ಲ. ಅತ್ತೆ ಬರಲಿಲ್ಲ. ಆಡಿನ ಹೆಂಗಸು ತಂಬಿಗೆಯಲ್ಲಿ ಹಾಲು ತಂದು, ಹೊಸ್ತಿಲಾಚೆ ಇಟ್ಟು, ಒಳಗೆ ಕರೆದರೂ ಬರದೆ ಹೋದಳು. ಅವಳು ಆ ಘಟನೆ ಆದ ಮೇಲೆ ಆಡುಗಳನ್ನೆಲ್ಲ ಮಾರಿದ್ದಾಳೆ, ಹಾಲು ಕೊಂಡು ತಂದದ್ದೆಂದು ಯಾರೋ ಹೇಳಿದರು. ಎರಡು ಖೋಲಿ, ಒಂದು ಅಡಿಗೆ ಮನೆ, ಮುಂದೊಂದು ಸಣ್ಣ ಪಡಸಾಲೆ. ತಾಯಿ ಮಗಳು ಆ ಮನೆಗೆ ಎರಡು ಟ್ರಂಕು, ಒಂದಿಷ್ಟು ಪಾತ್ರೆ ತಗೊಂಡು ಬಂದರು. ಅವಳು ಅತ್ತೆಗೆ ದಿನಾ ಸಂಜೆ ರೊಟ್ಟಿ ಪಲ್ಯ ಒಯ್ದು ಕೊಡುತ್ತಿದ್ದಳು. ಮುದುಕಿ ಉಣ್ಣುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮಳೆ ಜೋರಾಗಿ ಹಿಡಿಯಿತು. ಮುಂದಿನ ಸಾಲಿನ ಮನೆಗಳಲ್ಲಿ ಕಿಟಕಿ ಮೂಲೆಗಳಿಂದ ಬಿರುಕು ಎದ್ದವು. ಬಾಗಿಲು ಚೌಕಟ್ಟು ಹಿಡಿದು ಮುಚ್ಚದಂತಾದವು. ಆ ಮನೆಗಳಿಗೆ ಎರೆ ಮಣ್ಣಿನ ಮೇಲೇ ಸೈಜುಗಲ್ಲಿನ ಪಾಯ ಹಾಕಿದ್ದರು. ಬಿರುಕು ಪರೀಕ್ಷೆ ಮಾಡಲು ನನ್ನನ್ನು ಕರೆಸಿದರು. ಮನೆಮನೆಗೆ ಹೋಗಿ ಬಿರುಕಿನ ಮೇಲೆ ಸಣ್ಣ ಗಾಜಿನ ತುಂಡು ಅಂಟಿಸಿ ಬಂದೆ, ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಜೀವಮಾನದ ದುಡಿಮೆ ಸುರಿದು ಮನೆ ಕೊಂಡ ಜನ ನನ್ನ ಮುಖ ನೋಡುತ್ತ ನಿಂತಿರುತ್ತಿದ್ದರು. ಹಿಂದಿನ ಸಾಲಿನಲ್ಲೂ ಅಲ್ಲಲ್ಲಿ ಕೂದಲೆಳೆಯ ಬಿರುಕು ಕಂಡವು, ಕೊನೆಯ ಪ್ಲಾಟಿನ ಮನೆಯಲ್ಲಿ ಮಾತ್ರ ಅದೂ ಇರಲಿಲ್ಲ.

ಅವಳು ನನಗೆ ಚಹಾ ಮಾಡಿದಳು. ಕಪ್ಪು ಕೈಗಿಟ್ಟು ಎದುರಿಗೆ ಕೂತಳು.

"ಮೇಡಂರ, ಒಂದ್ ಮಾತ ಕೇಳ್ಲಿ?"

"ಕೇಳ್ರಿ."

"ನಳದ ಹತ್ರ ನಿನ್ನೆ ಮುಂದಿನ ಸಾಲಿನ ಹೆಣ್ಮಕ್ಕಳು ಅಂದ್ರು. ನಿಂದೇನ್ ಬಿಡು, ಗಂಡನ್ನ ಕೊಟ್ಟು ಪಾಯಾ ಹಾಕಿಸ್ಕೊಂಡೀದಿ, ನಿನ್ನ ಮನಿ ಯಾಕ ಬಿರಿತೈತಿ ಅಂತ." "ಹಂಗ ಇರತೈತೇನ್ರಿ?" ಅಂದಳು.

ಇರುವುದಿಲ್ಲ ಅಂದೆ. ಕಂಬಿ, ಗರಸು, ಕಾಂಕ್ರೀಟು ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮ್ಮ ಮನೆ ಗಟ್ಟಿಯಾಗಿರುವುದು ಅದರಿಂದ, ಅವರ ಮನೆ ಬಿರಿದದ್ದು ಅದಿಲ್ಲದ್ದರಿಂದ ಅಂದೆ. ಅವಳು ತಲೆ ಆಡಿಸುತ್ತ ಕೇಳಿದಳು. ಆದರೆ ಅವನು ಸಾಯದಿದ್ದರೆ ಮಾಲೀಕರು ಆ ಪ್ಲಾಟಿಗೆ ಇಷ್ಟೆಲ್ಲ ಮಾಡಲು ಒಪ್ಪುತ್ತಿದ್ದರೇ? ಇಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಮನಿ ಗಟ್ಟಿ ಐತ್ರಿ," ಅಂದಳು ಕೊನೆಗೆ. "ಅದಕ್ಕ ನಾ ಏನೂ ಅನ್ನಂಗಿಲ್ಲ. ಆದ್ರ ಇಲ್ಲಿ ಇರಾಕ ಆಗವಲ್ದು. ನಮ್ಮ ಹುಡುಗಿ ಜೋಡಿ ಆಡಾಕ ಯಾರೂ ತಮ್ಮ ಮಕ್ಕಳನ್ನ ಕಳಸಂಗಿಲ್ಲ. ನನಗೂ ಒಳಗ ಜೀವ ನಿಲ್ಲವಲ್ದು, ಹಗಲೆಲ್ಲಾ ಅಂಗಳದಾಗಽ ಕುಂದ್ರೂದಾಗೇತಿ."

ದೀಪಾವಳಿಗೆ ಮುಂಚೆ ಅವಳು ಮನೆಯನ್ನು ಬಾಡಿಗೆಗೆ ಕೊಟ್ಟಳು, ವರ್ಗವಾಗಿ ಬಂದ ಯಾವುದೋ ದೂರದ ಕುಟುಂಬಕ್ಕೆ. ಎರಡು ಟ್ರಂಕು ಹೊತ್ತು ಅತ್ತೆಯ ಖೋಲಿಗೇ ತಿರುಗಿ ಹೋದಳು. ಬಾಡಿಗೆಗೆ ಬಂದವರಿಗೆ ಯಾರಾದರೂ ಹೇಳಿದರೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಲಿಲ್ಲ.

ಆಮೇಲೆ ಬಿರುಕಿನ ಮನೆಗಳ ಕೆಲಸಕ್ಕೆ ಸಂಶಿಗೆ ಹೋದಾಗ ಒಮ್ಮೆ ಖೋಲಿಗೂ ಹೋಗಿದ್ದೆ. ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ಎದುರುಬದುರು ಕೂತು, ನಡುವೆ ಮೆಣಸಿನಕಾಯಿ ರಾಶಿ ಹಾಕಿಕೊಂಡು ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಮುದುಕಿ ನನ್ನನ್ನು ನೋಡಿ, ಒಂದು ಗಳಿಗೆ ಕೈ ನಿಲ್ಲಿಸಿ, ಮತ್ತೆ ಕೆಲಸಕ್ಕೆ ಬಗ್ಗಿದಳು.

"ಮಗಳು ಸಾಲಿಗೆ ಹೋಗ್ಯಾಳೇನ್ರಿ?" ಎಂದು ಕೇಳಿದೆ.

"ಹೋಗ್ಯಾಳ್ರಿ. ಕುಂದ್ರಿ, ಚಾ ಮಾಡ್ತೀನಿ," ಎಂದು ಸೊಸೆ ಏಳಲು ಹೋದಳು.

"ನೀ ಕುಂದ್ರು, ನಿನ್ನ ಕೈಗೆ ಖಾರ ಐತಿ," ಎಂದು ಅತ್ತೆ ಗೋಡೆ ಹಿಡಿದು ತಾನೇ ಎದ್ದಳು. ತಾನೂ ಅದೇ ರಾಶಿಯಿಂದ ಎದ್ದವಳೆಂಬುದು ಅವಳಿಗೆ ನೆನಪಿರಲಿಲ್ಲ. ಚಹಾದ ಬಟ್ಟಲಿಗೆ ಅವಳ ಬೆರಳಿನ ಖಾರ ಹತ್ತಿತ್ತು. ತುಟಿ ಉರಿಯಿತು. ನಾನು ಪೂರಾ ಕುಡಿದು, ಬಟ್ಟಲು ಕೆಳಗಿಟ್ಟು, ಹುಬ್ಬಳ್ಳಿ ಬಸ್ಸಿಗೆ ಹೊರಟೆ.