ಅರಿಷಿಣ ಹಾಕಿದ ನೀರು

ಎಂಜಿನ್ ಬಿಸಿಯಿತ್ತು. ತಣ್ಣಗಿದೆ ಎಂದು ನಾನು ಹೇಳಿದೆ. ಆರು ವರ್ಷದ ಹಿಂದೆ, ಯರಗಟ್ಟಿಯಲ್ಲಿ, ನನ್ನ ಅಂಗೈ ಆ ಕಬ್ಬಿಣದ ಮೇಲೆ ಇದ್ದಾಗಲೇ ಹೇಳಿದೆ. ಕೇಳಿದವನು ಭೀಮಶಿ — ನನ್ನ ಮೂವತ್ತು ವರ್ಷದ ಗೆಳೆಯ. ಆ ಒಂದು ಮಾತಿನ ಮೇಲೆ ಅವನು ತನ್ನ ಜೀವಮಾನದ ಮೊದಲ ಲಾರಿ ಕೊಂಡ. ಆ ಲಾರಿ ಅವನ ಬಲಗೈಯನ್ನು ತೆಗೆದುಕೊಂಡಿತು — ಅಲ್ಲ, ಲಾರಿಯ ಮೇಲೆ ಯಾಕೆ ಹಾಕಲಿ? ತೆಗೆದುಕೊಂಡವನು ನಾನು.

ನಾನು ಅಡಿವೆಪ್ಪ, ಬೈಲಹೊಂಗಲದಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟುವ ಮಿಸ್ತ್ರಿ. ನಮ್ಮ ಕಡೆ ಹಳೆಯ ಲಾರಿ ಕೊಳ್ಳುವವರು ಒಬ್ಬರೇ ಹೋಗುವುದಿಲ್ಲ, ತಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗುತ್ತಾರೆ. ಬೆಳಿಗ್ಗೆಯೇ ಹೋಗಬೇಕು. ಚಾವಿ ತಿರುಗಿಸುವ ಮೊದಲು ಮಿಸ್ತ್ರಿ ಎಂಜಿನ್ನಿನ ಮೇಲೆ ಅಂಗೈ ಇಡಬೇಕು, ಆಮೇಲೆ ಕೊಳ್ಳುವವನು ತನ್ನ ಕೈ ಇಡಬೇಕು. ಯಾಕೆಂದರೆ ತಣ್ಣಗಿರುವ ಎಂಜಿನ್ ಮಾತ್ರ ತನ್ನ ರೋಗ ಹೇಳುತ್ತದೆ — ಸವೆದಿದ್ದರೆ ಚಾಲು ಆಗಲು ಸತಾಯಿಸುತ್ತದೆ, ಹೊಗೆ ಕಾರುತ್ತದೆ. ಮೊದಲೇ ಅರ್ಧ ತಾಸು ಓಡಿಸಿ ಕಾಯಿಸಿಟ್ಟರೆ ಎಂಥ ಮುದಿ ಎಂಜಿನ್ನೂ ಮದುಮಗನ ಹಾಗೆ ಎದ್ದು ನಿಲ್ಲುತ್ತದೆ. ಇನ್ನೊಂದು ಪರೀಕ್ಷೆ ನೀರಿನದು. ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು, ಎಂಜಿನ್ ಚಾಲು ಮಾಡಿ ಒಳಗೆ ಇಣುಕಬೇಕು. ನೀರು ಸುಮ್ಮನಿದ್ದರೆ ಸರಿ. ಬುಳುಬುಳು ಗುಳ್ಳೆ ಎದ್ದರೆ ಒಳಗೆ ಎಲ್ಲೋ ಒಡೆದಿದೆ, ಎಂಜಿನ್ನಿನ ಉರಿಗಾಳಿ ನೀರಿಗೆ ನುಗ್ಗುತ್ತಿದೆ ಎಂದೇ ಅರ್ಥ. ಅಂಥ ಲಾರಿಗೆ ಕೈಮುಗಿದು ವಾಪಸ್ ಬರಬೇಕು.

ಇದನ್ನೆಲ್ಲ ನನಗೆ ಕಲಿಸಿದವರು ಗುರುಸಿದ್ದಪ್ಪ ಉಸ್ತಾದರು. ಅಪ್ಪ ತೀರಿಕೊಂಡ ಮೇಲೆ ನನಗೆ ಅನ್ನದ ದಾರಿ ತೋರಿಸಿದ ಮನುಷ್ಯ. ಅವರ ಗ್ಯಾರೇಜಿನಲ್ಲಿ ನಾನು ಕೇಳಿದ ಮೊದಲ ಪಾಠವೇ ಇದು: "ಕಿವಿಗಿಂತ ಮೊದಲ ಕೈ, ಅಡಿವೆಪ್ಪಾ. ಕಾಸಿದ ಎಂಜಿನ್ ಸುಳ್ಳ ಹೇಳತೈತಿ." ಆ ಮಾತನ್ನು ನಾನು ವಚನದ ಹಾಗೆ ಇಟ್ಟುಕೊಂಡಿದ್ದೆ.

ಭೀಮಶಿ ಸಂಪಗಾಂವದವನು. ಇಪ್ಪತ್ತು ವರ್ಷ ಬೇರೆಯವರ ಲಾರಿ ಓಡಿಸಿದ. ಅವನ ಕೇರಿಯಲ್ಲಿ ಸ್ವಂತ ಲಾರಿ ಕಂಡವರು ಯಾರೂ ಇರಲಿಲ್ಲ. ಕ್ಯಾಬಿನ್ನಿನ ಹಣೆಯ ಮೇಲೆ ಮಗಳ ಹೆಸರು ಬರೆಸಬೇಕು, ಮುಂದಿನ ಗಾಜಿನ ಹತ್ತಿರ ಬುದ್ಧನ ಸಣ್ಣ ಮೂರ್ತಿ ಇಡಬೇಕು — ಈ ಎರಡು ಮಾತನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೆನೋ! ಕೊನೆಗೂ ಕಾಲ ಕೂಡಿ ಬಂದಾಗ ಅವನ ಮುಂದೆ ಎರಡು ಲಾರಿಗಳಿದ್ದವು. ಒಂದು ಸವದತ್ತಿಯದು. ಹೊಸ ನಮೂನೆಯ ಎಂಜಿನ್, ಮೈತುಂಬ ವೈರು, ಡೀಸೆಲ್ ಎಷ್ಟು ಬಿಡಬೇಕೆಂದು ಒಂದು ಕಂಪ್ಯೂಟರ್ ಡಬ್ಬಿ ಹೇಳುತ್ತದೆ. ಅದನ್ನು ಈರಣ್ಣನೆಂಬ ಸವದತ್ತಿಯ ಮಿಸ್ತ್ರಿ ಯಂತ್ರ ಹಚ್ಚಿ ನೋಡಿ, ಗಟ್ಟಿಯಿದೆ ಎಂದಿದ್ದ. ಇನ್ನೊಂದು ಯರಗಟ್ಟಿಯದು. ಡೀಸೆಲನ್ನು ಬರೀ ಪಂಪೇ ಬಿಡುವ ಹಳೆಯ ಎಂಜಿನ್, ನಾನು ಕಣ್ಣುಮುಚ್ಚಿ ಬಿಚ್ಚಬಲ್ಲಂಥದು.

ಭೀಮಶಿಗೆ ಸವದತ್ತಿಯ ಲಾರಿಯ ಮೇಲೆ ಮನಸ್ಸಿತ್ತು. ನಾನು ಬೇಡ ಎಂದೆ. ವೈರಿನ ಎಂಜಿನ್ ನಡುದಾರಿಯಲ್ಲಿ ನಿಂತರೆ ಯಾರು ಕೈ ಹಚ್ಚುತ್ತಾರೆ, ಹಳೆಯದಾದರೆ ಯಾವ ಊರಿನ ಮಿಸ್ತ್ರಿಯಾದರೂ ಬಿಚ್ಚುತ್ತಾನೆ ಎಂದೆ. ಅದು ಸುಳ್ಳಲ್ಲ, ಆ ಮಾತಿನಲ್ಲಿ ನಿಜವಿದೆ. ಆದರೆ ನನ್ನ ಹೊಟ್ಟೆಯಲ್ಲಿದ್ದದ್ದು ಅದಲ್ಲ. ನನಗೆ ಆ ವೈರಿನ ಎಂಜಿನ್ ಗೊತ್ತೇ ಇರಲಿಲ್ಲ. ಭೀಮಶಿಯೂ ಈರಣ್ಣನ ಹಿಂದೆ ಹೋದರೆ, ಅಡಿವೆಪ್ಪನ ಕಾಲ ಮುಗಿಯಿತು ಎಂದು ಇಡೀ ಬಜಾರು ಆಡಿಕೊಳ್ಳುತ್ತದೆ ಎಂಬ ಹೆದರಿಕೆ — ಹೆದರಿಕೆ ಎಂದರೂ ಅದಕ್ಕೆ ಮರ್ಯಾದೆ ಕೊಟ್ಟಂತೆ, ಬರೀ ಹೊಟ್ಟೆಕಿಚ್ಚು. ಗೊತ್ತಿಲ್ಲ ಎಂಬ ಒಂದು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ.

ಯರಗಟ್ಟಿಯ ಆ ಲಾರಿಯನ್ನು ಮಾರುತ್ತಿದ್ದವರು ಗುರುಸಿದ್ದಪ್ಪ ಉಸ್ತಾದರೇ. ಗ್ಯಾರೇಜು ಬಿಟ್ಟ ಮೇಲೆ ಹಳೆಯ ಗಾಡಿಗಳ ದಲಾಲಿ ಮಾಡಿಕೊಂಡಿದ್ದರು. ಅವರ ಗಾಡಿ ಎಂದಮೇಲೆ ನೋಡುವುದೇನು ಎಂದುಕೊಂಡೇ ಹೋಗಿದ್ದೆ. ರಿವಾಜು ಬಿಡಬಾರದೆಂದು ಕೈ ಇಟ್ಟೆ. ಬಿಸಿ! ಸುಡುವಷ್ಟಲ್ಲ, ರೊಟ್ಟಿ ತೆಗೆದು ಎಷ್ಟೋ ಹೊತ್ತಾದ ಹಂಚಿನಷ್ಟು — ಆದರೂ ಬಿಸಿ. ನಾವು ಬರುವ ಮೊದಲೇ ಓಡಿಸಿ ಕಾಯಿಸಿಟ್ಟಿದ್ದರು.

ನಾನು ಉಸ್ತಾದರ ಮುಖ ನೋಡಿದೆ. ಅವರು ಎಲೆ ಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕತೊಡಗಿದರು, ಕತ್ತು ಎತ್ತಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೈ ಇಡು ಎಂದು ಕಲಿಸಿದ ಮನುಷ್ಯ, ನಾನು ಕೈ ಇಡುತ್ತೇನೆಂದು ಗೊತ್ತಿದ್ದೂ — ನನ್ನನ್ನು ಏನೆಂದು ತಿಳಿದುಕೊಂಡಿದ್ದರು? ಅವರಿಗಾಗಿ ಸುಳ್ಳು ಹೇಳುತ್ತಾನೆ ಎಂದೇ? ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಆ ಸಿಟ್ಟಿನಲ್ಲೂ ನನ್ನ ತಲೆ ಓಡಿದ್ದು ಬೇರೆ ಕಡೆ. ಬಿಸಿಯಿದೆ ಎಂದರೆ ಭೀಮಶಿ ಈಗಲೇ ಸವದತ್ತಿಯ ದಾರಿ ಹಿಡಿಯುತ್ತಾನೆ, ಈರಣ್ಣನೇ ಗೆದ್ದ ಹಾಗೆ.

ನೀನೂ ಕೈ ಇಡು ಎಂದು ಭೀಮಶಿಗೆ ನಾನು ಹೇಳಲಿಲ್ಲ. ಅವನಾಗಿಯೇ ನಕ್ಕು ಅಂದ:

"ನಿನ್ನ ಕೈ ಇಟ್ಟ ಮ್ಯಾಲ ನಂದ್ಯಾಕೋ? ತಣ್ಣಗೈತೇನು?"

"ತಣ್ಣಗೈತಿ. ತಗೋ."

ನೀರಿನ ಪರೀಕ್ಷೆಯನ್ನೂ ಮಾಡಲಿಲ್ಲ. ಮುಚ್ಚಳ ತಿರುಗಿಸಿದ್ದರೆ ಉಗಿ ಬುಸ್ ಎನ್ನುತ್ತಿತ್ತು, ಎಂಜಿನ್ ಬಿಸಿಯಿರುವುದು ಅವನ ಕಣ್ಣಿಗೇ ಬೀಳುತ್ತಿತ್ತು. ಉಸ್ತಾದರ ಗಾಡಿ, ನೀರು ನೋಡುವುದೇನಿದೆ ಎಂದುಬಿಟ್ಟೆ. ಭೀಮಶಿ ಅಂದೇ ಪೇಂಟರನನ್ನು ಕರೆಸಿ, ಲಾರಿಯ ಹಣೆಯ ಮೇಲೆ 'ಸುಜಾತಾ' ಎಂದು ಬರೆಸಿದ.

ಎರಡು ತಿಂಗಳಿಗೆ ಲಾರಿ ನನ್ನ ಗ್ಯಾರೇಜಿಗೆ ಬಂತು. ನೀರು ಬೇಗ ಕಡಿಮೆಯಾಗುತ್ತದೆ ಎಂದು ಭೀಮಶಿ ಹೇಳಿದ. ಅವನು ಚಹಾ ಕುಡಿಯಲು ಹೋದಾಗ ಮುಚ್ಚಳ ತೆಗೆದು ಎಂಜಿನ್ ಚಾಲು ಮಾಡಿದೆ. ಗುಳ್ಳೆ. ಕುದಿಯುವ ಸಾರಿನ ಹಾಗೆ ಗುಳ್ಳೆ. ಎಂಜಿನ್ನಿನ ತಲೆ ಬಿಚ್ಚಿ ರಿಪೇರಿ ಮಾಡಬೇಕು — ಮಾಡಿದರೆ, ಕೊಳ್ಳುವಾಗ ನೀನು ಏನು ನೋಡಿದೆ ಎಂದು ಕೇಳುತ್ತಾನೆ. ನಮ್ಮ ಕಡೆ ಬಡ ಮಿಸ್ತ್ರಿಗಳ ಒಂದು ಉಪಾಯವಿದೆ. ರೇಡಿಯೇಟರ್ ಸಣ್ಣಗೆ ಸೋರಿದರೆ ನೀರಿಗೆ ಅರಿಷಿಣದ ಪುಡಿ ಹಾಕುತ್ತಾರೆ, ಅದು ತೂತಿಗೆ ಹೋಗಿ ಕೂಡುತ್ತದೆ, ನಾಲ್ಕು ದಿನ ನಡೆಯುತ್ತದೆ. ಗುಳ್ಳೆಗೆ ಅದು ಮದ್ದೇ ಅಲ್ಲ, ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಿರಾಣಿ ಅಂಗಡಿಯ ಪೊಟ್ಟಣ ಒಡೆದು ಹಾಕಿದೆ, ಮುಚ್ಚಳ ಬಿಗಿದೆ. ಭೀಮಶಿ ಬಂದ, ಸರಿಯಾಯಿತು ಎಂದೆ. ಥೂ ನನ್ನ ಬಾಳಿಗೆ.

ಮುಂದಿನ ವಾರ ಅವನು ಯರಗಟ್ಟಿಯಲ್ಲಿ ಗೋವಿನಜೋಳ ತುಂಬಿಕೊಂಡು ಧಾರವಾಡಕ್ಕೆ ಹೊರಟ. ಸವದತ್ತಿ ದಾಟಿ ಒಂದು ಏರಿನಲ್ಲಿ ಎಂಜಿನ್ ಕಾದು ನಿಂತಿತು. ಮಟಮಟ ಮಧ್ಯಾಹ್ನ. ನನಗೆ ಫೋನ್ ಮಾಡಿದ. ಅರ್ಧ ತಾಸಾಯಿತು ನಿಲ್ಲಿಸಿ, ಹಿಂದೆ ಗಾಡಿಗಳು ಸಾಲುಗಟ್ಟಿವೆ, ಏನು ಮಾಡಲಿ ಎಂದ. ಗಟ್ಟಿ ಎಂಜಿನ್ ಆದರೆ ಅರ್ಧ ತಾಸು ಕಾದು, ಬಟ್ಟೆ ಹಿಡಿದು, ಮುಚ್ಚಳ ಮೆಲ್ಲಗೆ ಸಡಿಲಿಸಬಹುದೇನೋ. ಈ ಎಂಜಿನ್ನಿನ ನೀರಿನಲ್ಲಿ ಉರಿಗಾಳಿಯ ಒತ್ತಡ ಕೂಡಿತ್ತು. ಮುಚ್ಚಳ ಮುಟ್ಟಬೇಡ, ಅದು ಒಡೆದಿದೆ, ನಾನು ಬರುವತನಕ ನೆರಳಿಗೆ ಕೂಡು — ಇಷ್ಟು ಹೇಳಬೇಕಿತ್ತು. ಹೇಳಿದರೆ ಎಲ್ಲ ಬಯಲಾಗುತ್ತಿತ್ತು. ನಾನು ಅಂದದ್ದು ಮೂರೇ ಮಾತು:

"ಏನಿಲ್ಲೋ. ನೀರ ನೋಡು."

ಅವನು ನೋಡಿದ. ಮುಚ್ಚಳ ಗುಂಡಿನ ಹಾಗೆ ಹಾರಿತು. ಕುದಿಯುವ ನೀರು ಕೈಮೇಲೆ, ಉಗಿ ಮುಖದ ಮೇಲೆ. ಹಿಂದಿನ ಟೆಂಪೊದವನು ಅವನನ್ನು ಹಾಕಿಕೊಂಡು ಆಸ್ಪತ್ರೆಗೆ ಓಡಿದ. ನಾನು ಹೋಗುವ ಹೊತ್ತಿಗೆ ನರ್ಸಮ್ಮ ಗದರಿಸುತ್ತಿದ್ದಳು, ಸುಟ್ಟ ಗಾಯಕ್ಕೆ ಯಾರು ಅರಿಷಿಣ ಹಚ್ಚಿದವರು ಎಂದು. ಅವನ ಕೈ, ಅಂಗಿಯ ತೋಳು, ಕೊರಳು — ಎಲ್ಲ ಹಳದಿ. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಕಣ್ಣು ಉಳಿದವು. ಬಲಗೈ ಉಳಿದರೂ ಉಳಿಯಲಿಲ್ಲ, ಬೆರಳು ಒಳಕ್ಕೆ ಮಡಚಿಕೊಂಡು ಗೇರು ಹಿಡಿಯಲಾಗದಂತಾಯಿತು. ಲಾರಿಯನ್ನು ಗುಜರಿಯವರು ಒಯ್ದರು. ಭೀಮಶಿ ಈಗ ಬೈಲಹೊಂಗಲದ ಒಂದು ತೂಕದ ಕಾಟಾದಲ್ಲಿ ಕುಳಿತು ಬೇರೆಯವರ ಲಾರಿಗಳಿಗೆ ಎಡಗೈಯಿಂದ ಚೀಟಿ ಹರಿದುಕೊಡುತ್ತಾನೆ. ಸವದತ್ತಿಯ ಆ ವೈರಿನ ಲಾರಿ ಇವತ್ತಿಗೂ ನನ್ನ ಗ್ಯಾರೇಜಿನ ಮುಂದೆಯೇ ಓಡಾಡುತ್ತದೆ, ಹಾರ್ನ್ ಹೊಡೆದುಕೊಂಡು.

ಈ ಆರು ವರ್ಷದಲ್ಲಿ ಅವನು ನನ್ನ ಮೇಲೆ ಒಂದು ದಿನವೂ ಅನುಮಾನ ಪಡಲಿಲ್ಲ. ತನ್ನದೇ ಗಡಿಬಿಡಿ ಎನ್ನುತ್ತಾನೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕೊಂದದ್ದು ಇನ್ನೊಂದು ಮಾತು. ಕಾಟಾದಲ್ಲಿ ಯಾರಾದರೂ ಕೈ ನೋಡಿ ಅಯ್ಯೋ ಎಂದರೆ ಅವನು ನರ್ಸಮ್ಮನ ಆ ಮಾತಿನಿಂದ ಹುಟ್ಟಿದ ಒಂದು ಕತೆ ಹೇಳುತ್ತಾನೆ — ಕಣ್ಣು ಬಿಡಲಾಗದೆ ರಸ್ತೆಯ ಮೇಲೆ ಬಿದ್ದಿದ್ದಾಗ ಯಾವಳೋ ತಾಯಿ ಮನೆಯಿಂದ ಅರಿಷಿಣ ತಂದು ಕೈಗೆ, ಕೊರಳಿಗೆ ಹಚ್ಚಿದಳು, ಹೆಸರು ಕೇಳಲಿಲ್ಲ, ಕುಲ ಕೇಳಲಿಲ್ಲ, ಮುಟ್ಟಿದಳು. ಡಾಕ್ಟರು ಬೈದರೂ ತನಗೆ ಅವಳು ದೇವರ ಸಮಾನ ಎನ್ನುತ್ತಾನೆ. ಮಂದಿ ಇನ್ನೂ ಒಳ್ಳೆಯವರಿದ್ದಾರೆ ಎಂದು ಮಾತು ಮುಗಿಸುತ್ತಾನೆ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತೇನೆ.

ಉಸ್ತಾದರನ್ನು ಒಮ್ಮೆ ಕೇಳಿದೆ, ಅವರು ಸಾಯುವ ಮೊದಲಿನ ವರ್ಷ. ನನಗೂ ಮೋಸ ಮಾಡಿದಿರಲ್ಲ ಎಂದೆ. ಕಣ್ಣಲ್ಲಿ ನೀರಿತ್ತು ನನಗೆ. ಅವರು ಅಂದರು: "ಕಾಸಿದ್ದು ನಾ. ಖರೆ. ಆದ್ರ ಕೈ ಇಟ್ಟಾಂವ ನೀ. ನನಗ ಗಾಡಿ ಮಾರಬೇಕಾಗಿತ್ತು — ನಿನಗೇನ್ ಬೇಕಾಗಿತ್ತೋ?" ಉತ್ತರ ನನ್ನಲ್ಲಿತ್ತು, ಹೇಳಲಿಲ್ಲ. ಅವರು ನನಗೆ ಮಾಡಿದ ದ್ರೋಹವನ್ನು ನಾನು ಕ್ಷಮಿಸಿಲ್ಲ. ಅದನ್ನೇ ಹಿಡಿದುಕೊಂಡು ನನ್ನದನ್ನು ಮರೆಯಲು ನೋಡಿದ್ದೂ ನಿಜ.

ಕಳೆದ ವಾರ ಸುಜಾತಾ ಗ್ಯಾರೇಜಿಗೆ ಬಂದಳು, ಭೀಮಶಿಯ ಮಗಳು. ಅಪ್ಪನ ಕೈ ಹೋದ ಮೇಲೆ ಹಟ ಹಿಡಿದು ಹೆವಿ ಲೈಸೆನ್ಸ್ ಮಾಡಿಸಿಕೊಂಡು, ಎರಡು ವರ್ಷದಿಂದ ಬೇರೆಯವರ ಲಾರಿ ಓಡಿಸುತ್ತಿದ್ದಾಳೆ. ಈಗ ಸ್ವಂತದ್ದೊಂದು ಕೊಳ್ಳುವವಳು. ನೋಡಿಟ್ಟದ್ದು ಎರಡು, ಒಂದು ಪಂಪಿನದು, ಒಂದು ವೈರಿನದು. "ಕಾಕಾ, ಸೋಮವಾರ ನೀವ ಬರಬೇಕ್ರಿ," ಅಂದಳು. "ನೀವು ಕೈ ಇಟ್ರ ಮುಗೀತಂತ ಅಪ್ಪ ಹೇಳ್ಯಾನ."

ಅದನ್ನು ಕೇಳಿದ ಮೇಲೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ನನ್ನ ಕೈ ಏಳಲಿಲ್ಲ. ಈ ಭಾನುವಾರ ಸಂಪಗಾಂವಕ್ಕೆ ಹೋದೆ. ಭೀಮಶಿ ಕಟ್ಟೆಯ ಮೇಲೆ ಕೂತಿದ್ದ, ಸುಜಾತಾ ಬಾಗಿಲಲ್ಲಿ ನಿಂತಿದ್ದಳು. ಅಂದು ಎಂಜಿನ್ ಬಿಸಿಯಿತ್ತು, ನಾನು ಸುಳ್ಳು ಹೇಳಿದೆ ಎಂದೆ. ಅಷ್ಟೇ ಹೇಳಿ ಮುಗಿಸುವ ವಿಚಾರದಲ್ಲಿ ಹೋಗಿದ್ದೆ — ತಪ್ಪೊಪ್ಪಿಕೊಳ್ಳಲು ಹೋದಾಗಲೂ ಅರ್ಧ ಮುಚ್ಚಿಟ್ಟುಕೊಂಡು ಹೋಗಿದ್ದೆ.

ಸುಜಾತಾ ಕೇಳಿದಳು, ಹಾಗಾದರೆ ತಾನು ಸೋಮವಾರ ಯಾರನ್ನು ಕರೆದೊಯ್ಯಲಿ ಎಂದು. ಕಾಕಾ ಎನ್ನಲಿಲ್ಲ. ಈರಣ್ಣನನ್ನು ಕರೆದುಕೊಂಡು ಹೋಗು, ನಾನೇ ಅವನಿಗೆ ಹೇಳುತ್ತೇನೆ ಎಂದೆ. ಪಂಪಿನದೋ ವೈರಿನದೋ ಎನ್ನುವುದಕ್ಕಿಂತ ಇಷ್ಟು ದಿನ ಅದನ್ನು ಯಾರು, ಹೇಗೆ ಸಾಕಿದ್ದಾರೆ ನೋಡು. ಬರುತ್ತೇನೆಂದು ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಹೋಗು. ಮುಚ್ಚಳ ತೆಗೆಸಿ ನೀರು ನೋಡು. ಯಾರು ಕೈ ಇಟ್ಟರೂ ನಿನ್ನ ಕೈಯನ್ನೂ ಇಡು. ಅವಳು ತಲೆಯಾಡಿಸಿದಳು.

ಆಗ ಭೀಮಶಿ ಬಾಯಿಬಿಟ್ಟ. ಇಪ್ಪತ್ತು ವರ್ಷ ಲಾರಿ ಓಡಿಸಿದವನು, ನೀರು ಎಂಬ ಶಬ್ದಕ್ಕೆ ಅವನ ಲೆಕ್ಕ ಕೂಡಿಬಂದಿತ್ತು.

"ನಮ್ಮ ಗಾಡಿ ನೀರಿನ್ಯಾಗ ಗುಳ್ಳಿ ಇದ್ವೇನು?"

ಇದ್ದವು ಎಂದೆ.

"ನೀ ಏನ್ ಮಾಡಿದಿ?"

"ಅರಿಷಿಣ ಹಾಕಿದೆ."

ಅವನು ತನ್ನ ಬಲಗೈ ನೋಡಿಕೊಂಡ. ಆಮೇಲೆ ಕೇಳಿದ, ದನಿ ಏರಿಸದೆ:

"ಹಂಗಾರ... ಆ ತಾಯಿ?"

"ಯಾರೂ ಬಂದಿರಲಿಲ್ಲ, ಭೀಮಶಿ."

ಅವನು ಹೆಗಲ ಮೇಲಿನ ಟಾವೆಲ್ ತೆಗೆದು ಆ ಕೈಯ ಮೇಲೆ ಹೊದಿಸಿಕೊಂಡ. ಆರು ವರ್ಷದಲ್ಲಿ ಅವನು ಅದನ್ನು ನನ್ನೆದುರು ಮುಚ್ಚಿಕೊಂಡದ್ದು ಅದೇ ಮೊದಲು.